ಫುಟಿ ನೆನಪಿನ ಪೆಟ್ಟಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಆಸ್ಟ್ರೇಲಿಯನ್ ಫುಟ್‌ಬಾಲ್ (ಅಲ್ಲಿಯವರ ಬಾಯಲ್ಲಿ ‘ಫುಟಿ’) ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಆಡುವುದರ ಬಗ್ಗೆ ಅಲ್ಲ, ಆಡಿದ್ದನ್ನು ಉಳಿಸಿಕೊಳ್ಳುವುದರ ಬಗ್ಗೆ. ಹಳೆಯ ಅಂಕಪಟ್ಟಿ, ಸಹಿ ಹಾಕಿದ ಜಂಪರ್ (ಆಟಗಾರರ ಅಂಗಿ), ವಿಡಿಯೊ ಕ್ಯಾಸೆಟ್, ವಯಸ್ಸಾದವರ ಬಾಯಲ್ಲಿರುವ ಕಥೆ. ಈ ಸಲ ಅವುಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಮಗಳು-ಅಳಿಯ ಮೆಲ್ಬರ್ನ್‌ನಲ್ಲಿದ್ದಾರೆ. ಅವರ ಮನೆಯ ಗೋಡೆಯ ಮೇಲೆ 1970ರ ಫೈನಲ್‌ನ ಒಂದು ಚಿತ್ರವಿದೆ. ಅದರ ಕೆಳಗೆ ಕಾರ್ಲ್‌ಟನ್ 17.9 (111), ಕಾಲಿಂಗ್‌ವುಡ್ 14.17 (101) ಎಂದು ಬರೆದಿದೆ. ಕ್ರಿಕೆಟ್ ಸ್ಕೋರು ಓದಿ ಬೆಳೆದ ನನಗೆ ಇದು ತಲೆಗೆ ಹತ್ತಲಿಲ್ಲ. — ಮೈಸೂರಿನ ಓದುಗರು

ಉತ್ತರ: ನಡುವಿನ ಚುಕ್ಕೆಯನ್ನು ದಶಮಾಂಶ ಎಂದುಕೊಂಡರೆ ಮುಂದೆ ಏನೂ ಅರ್ಥವಾಗದು. ಚುಕ್ಕೆಯ ಎಡಗಡೆ ಇರುವುದು ಗೋಲು, ಬಲಗಡೆ ಇರುವುದು ‘ಬಿಹೈಂಡ್’, ಕಂಸದೊಳಗೆ ಇರುವುದು ಒಟ್ಟು ಅಂಕ. ಒಂದು ಗೋಲಿಗೆ 6 ಅಂಕ, ಒಂದು ಬಿಹೈಂಡಿಗೆ 1. ಕಾರ್ಲ್‌ಟನ್ ಲೆಕ್ಕ ಹಾಕಿ ನೋಡಿ: 17 ಗೋಲಿಗೆ 102, ಜೊತೆಗೆ 9, ಒಟ್ಟು 111.

ಮೈದಾನದ ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬಗಳಿರುತ್ತವೆ. ನಡುವಿನ ಎರಡು ಎತ್ತರದವು, ಅಕ್ಕಪಕ್ಕದ ಎರಡು ಗಿಡ್ಡ. ಒಂದು ಕಂಬದಿಂದ ಇನ್ನೊಂದಕ್ಕೆ 6.4 ಮೀಟರ್. ದಾಳಿ ಮಾಡುವ ತಂಡದವರು ಒದ್ದ ಚೆಂಡು ಯಾರ ಕೈಗೂ ತಾಗದೆ, ಕಂಬಕ್ಕೂ ತಾಗದೆ ನಡುವಿನ ಎರಡರ ಮಧ್ಯೆ ಹೋದರೆ ಗೋಲು. ಗಿಡ್ಡ ಕಂಬದ ಸಂದಿನಲ್ಲಿ ಹೋದರೆ, ಎತ್ತರದ ಕಂಬಕ್ಕೆ ಬಡಿದರೆ ಅಥವಾ ಯಾರಿಗಾದರೂ ತಾಗಿ ಒಳಹೋದರೆ ಬಿಹೈಂಡ್. ಬಿಳಿ ಬಾವುಟ ಹಿಡಿದು ನಿಂತಿರುವ ಗೋಲ್ ಅಂಪೈರ್ ಎರಡು ಬಾವುಟ ಬೀಸಿದರೆ ಗೋಲು, ಒಂದೇ ಬೀಸಿದರೆ ಬಿಹೈಂಡ್.

ಈ ಬರಹದ ರೀತಿಯಲ್ಲಿ ಪಂದ್ಯದ ಕಥೆಯೇ ಅಡಗಿದೆ. ಎಡ-ಬಲ ಎರಡನ್ನೂ ಕೂಡಿಸಿ. ಕಾಲಿಂಗ್‌ವುಡ್ 31 ಸಲ ಅಂಕ ಗಳಿಸಿದೆ, ಕಾರ್ಲ್‌ಟನ್ 26 ಸಲ ಮಾತ್ರ. ಹೆಚ್ಚು ಸಲ ಗುರಿಯ ಹತ್ತಿರ ಹೋದವರೇ 10 ಅಂಕದಿಂದ ಸೋತರು. ಅರ್ಧ ಆಟ ಮುಗಿದಾಗ ಕಾಲಿಂಗ್‌ವುಡ್ 44 ಅಂಕ ಮುಂದಿತ್ತು ಎಂಬುದನ್ನೂ ಸೇರಿಸಿಕೊಂಡರೆ, ಆ ಊರಿನವರು ಇಂದಿಗೂ ಆ ದಿನದ ಮಾತು ಬಂದರೆ ಯಾಕೆ ತಲೆ ತಗ್ಗಿಸುತ್ತಾರೆಂದು ಗೊತ್ತಾಗುತ್ತದೆ. ವಿರಾಮದ ನಂತರ ಬದಲಿ ಆಟಗಾರನಾಗಿ ಇಳಿದ ಟೆಡ್ ಹಾಪ್ಕಿನ್ಸ್ ನಾಲ್ಕು ಗೋಲು ಹೊಡೆದ. ಗೋಡೆಯ ಮೇಲಿನ ಚಿತ್ರದಲ್ಲಿ ಒಬ್ಬ ಇನ್ನೊಬ್ಬನ ಹೆಗಲ ಮೇಲಿಂದ ಚಿಮ್ಮಿ ಚೆಂಡು ಹಿಡಿಯುತ್ತಿದ್ದರೆ, ಮೇಲಿರುವವನು ಅಲೆಕ್ಸ್ ಜೆಸಲೆಂಕೊ, ಕೆಳಗಿರುವವನು ಗ್ರೇಮ್ ಜೆಂಕಿನ್ ಇರಬೇಕು. ಅದೇ ಪಂದ್ಯದ್ದು. ಅಂದು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ (ಎಂಸಿಜಿ) ಸೇರಿದ್ದವರು 1,21,696 ಮಂದಿ. ಈ ಆಟದ ಮಟ್ಟಿಗೆ ಆ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ.

ಇದಕ್ಕಿಂತ ವಿಚಿತ್ರವಾದ ಸ್ಕೋರು 1948ರ ಫೈನಲ್‌ನದು: ಎಸೆಂಡನ್ 7.27 (69), ಮೆಲ್ಬರ್ನ್ 10.9 (69). 34 ಸಲ ಅಂಕ ಗಳಿಸಿದವರೂ 19 ಸಲ ಗಳಿಸಿದವರೂ ಸಮ. ಮರುಪಂದ್ಯದಲ್ಲಿ ಎಸೆಂಡನ್ ಸೋತಿತು. 1966ರಲ್ಲಿ ಸೇಂಟ್ ಕಿಲ್ಡಾ 10.14 (74), ಕಾಲಿಂಗ್‌ವುಡ್ 10.13 (73). ಬ್ಯಾರಿ ಬ್ರೀನ್ ಒದ್ದ ಒಂದು ಬಿಹೈಂಡ್ ಆ ಕ್ಲಬ್ಬಿಗೆ ಇಂದಿಗೂ ಇರುವ ಒಂದೇ ಒಂದು ಪ್ರಶಸ್ತಿಯನ್ನು ತಂದುಕೊಟ್ಟಿತು. ಹಾಗಾಗಿ ಬಲಗಡೆಯ ಅಂಕಿಯನ್ನು ಹಗುರವಾಗಿ ಓದಬೇಡಿ. ಒಂದು ಎಚ್ಚರಿಕೆ ಮಾತ್ರ ಇರಲಿ: ಬಿಹೈಂಡ್‌ಗಳೆಲ್ಲ ಗುರಿ ತಪ್ಪಿದ ಒದೆತಗಳಲ್ಲ. ಒತ್ತಡಕ್ಕೆ ಸಿಕ್ಕ ರಕ್ಷಕರೇ ಚೆಂಡನ್ನು ತಮ್ಮ ಗೆರೆಯ ಹಿಂದಕ್ಕೆ ತಳ್ಳಿ, ಆರರ ಬದಲು ಒಂದು ಕೊಟ್ಟು ಬಚಾವಾಗುವುದುಂಟು. ಬೇಕೆಂದೇ ಹಾಗೆ ಮಾಡಿದರೆ 2009ರಿಂದ ಎದುರಾಳಿಗೆ ಫ್ರೀ ಕಿಕ್ ಸಿಗುತ್ತದೆ.

ಪ್ರಶ್ನೆ: ನಮ್ಮ ಚಿಕ್ಕಪ್ಪ ಮೆಲ್ಬರ್ನ್‌ನಲ್ಲಿ ಇಪ್ಪತ್ತು ವರ್ಷ ಇದ್ದು ಊರಿಗೆ ಮರಳಿದರು. ಅವರು ತಂದ ಟ್ರಂಕಿನಲ್ಲಿ ಪಂದ್ಯದ ಪುಸ್ತಿಕೆಗಳ ಕಟ್ಟು, ಆಟಗಾರರ ಸಹಿ ಇರುವ ಒಂದು ಜಂಪರ್, ಎರಡು ಉಣ್ಣೆ ಸ್ಕಾರ್ಫ್ ಮತ್ತು ಗಾಳಿ ಹೋದ ಒಂದು ತೊಗಲಿನ ಚೆಂಡು ಇವೆ. ನಮ್ಮದು ಕಡಲ ತೀರ, ಮಳೆಗಾಲದಲ್ಲಿ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಹೇಗೆ ಉಳಿಸಲಿ? — ಮಂಗಳೂರಿನ ಓದುಗರು

ಉತ್ತರ: ಮೊದಲು ಟ್ರಂಕಿನಿಂದ ಹೊರಗೆ ತೆಗೆಯಿರಿ. ಕಬ್ಬಿಣದ ಟ್ರಂಕು ರಾತ್ರಿ ತಣ್ಣಗಾದಾಗ ಒಳಗಿನ ತೇವ ಹನಿಗಟ್ಟುತ್ತದೆ. ಕರಾವಳಿಯಲ್ಲಿ ಬೂಷ್ಟು ಹುಟ್ಟುವುದು ಅಲ್ಲೇ. ಹೊರಗೋಡೆಗೆ ತಾಗದ, ನೆಲದಿಂದ ಒಂದಡಿ ಮೇಲಿರುವ ಮರದ ಕಪಾಟು ಒಳ್ಳೆಯದು.

ಪುಸ್ತಿಕೆಗಳಿಂದ ಶುರು ಮಾಡೋಣ. ಅವು ‘ಫುಟ್‌ಬಾಲ್ ರೆಕಾರ್ಡ್’ ಆಗಿದ್ದರೆ, 1912ರಿಂದ ಮೈದಾನದಲ್ಲಿ ಮಾರುತ್ತ ಬಂದಿರುವ ಪತ್ರಿಕೆ ಅದು. ನಡುವಿನ ಪುಟ ಬಿಡಿಸಿ ನೋಡಿ. ಆಟಗಾರರ ಹೆಸರಿನ ಮುಂದೆ ಪೆನ್ಸಿಲ್ಲಿನ ಸಣ್ಣ ಗೆರೆಗಳಿರಬಹುದು, ಕೆಳಗೆ ಪ್ರತಿ ಕ್ವಾರ್ಟರಿನ (ಪಂದ್ಯದ ನಾಲ್ಕು ಭಾಗಗಳಲ್ಲಿ ಒಂದು) ಸ್ಕೋರು ಕೈಬರಹದಲ್ಲಿ ಇರಬಹುದು. ಕೂತು ನೋಡುತ್ತಿದ್ದವರು ಗೋಲು ಬಿದ್ದಾಗಲೆಲ್ಲ ಗೀಚಿಕೊಂಡ ಗುರುತು ಅದು. ಮೂರನೇ ಕ್ವಾರ್ಟರಿನ ನಂತರ ಗೆರೆಗಳು ನಿಂತಿದ್ದರೆ ಮಳೆ ಬಂದಿರಬಹುದು, ಅಥವಾ ತಂಡ ಸೋಲುತ್ತಿದ್ದು ಪೆನ್ಸಿಲ್ ಜೇಬಿಗೆ ಹೋಗಿರಬಹುದು. ಹಾಳೆಯನ್ನು ‘ಶುಚಿ’ ಮಾಡಲು ಹೋಗಿ ಅದನ್ನು ರಬ್ಬರಿನಿಂದ ಅಳಿಸಬೇಡಿ. ಆ ಪುಸ್ತಿಕೆಯಲ್ಲಿ ಚಿಕ್ಕಪ್ಪನದು ಎನ್ನುವಂಥದ್ದು ಆ ಗೆರೆಗಳು ಮಾತ್ರ.

ಪುಸ್ತಿಕೆ ಒಂದಕ್ಕೆ ಒಂದರಂತೆ ಪಾಲಿಪ್ರೊಪಿಲೀನ್ ಕವರಿನಲ್ಲಿ ಹಾಕಿ. ತ್ರಿಕೋನದೊಳಗೆ 5 ಎಂಬ ಗುರುತಿದ್ದರೆ ಅದೇ. ಮೂಗಿಗೆ ಹೊಸ ರೆಗ್ಸಿನ್ ವಾಸನೆ ಹೊಡೆಯುವ, ಮೆತ್ತಗಿನ ಪಿವಿಸಿ ಕವರು ಬೇಡ. ಅದು ಕೆಲವೇ ವರ್ಷಗಳಲ್ಲಿ ಜಿನುಗಿ ಶಾಯಿಯನ್ನು ಎತ್ತಿಕೊಳ್ಳುತ್ತದೆ. ಲ್ಯಾಮಿನೇಶನ್ ಮಾತ್ರ ಯಾವ ಕಾರಣಕ್ಕೂ ಮಾಡಿಸಬೇಡಿ, ಹಿಂದಕ್ಕೆ ತರಲಾಗದ ತಪ್ಪು ಅದು. ಹರಿದ ಕಡೆ ಸೆಲ್ಲೊ ಟೇಪ್ ಅಂಟಿಸಿದರೆ ಹತ್ತು ವರ್ಷಕ್ಕೆ ಹಳದಿ ಪಟ್ಟಿ ಉಳಿಯುತ್ತದೆ, ಹರಿದದ್ದನ್ನು ಹಾಗೇ ಬಿಡಿ. ಪಿನ್ನು ತುಕ್ಕು ಹಿಡಿದಿದ್ದರೆ ಬೆನ್ನ ಕಡೆಯಿಂದ ಅದರ ಕಾಲುಗಳನ್ನು ಚಪ್ಪಟೆ ಚಾಕುವಿನಿಂದ ನೆಟ್ಟಗೆ ಮಾಡಿ ತೆಗೆಯಿರಿ. ಎಳೆದರೆ ಹಾಳೆ ಕಿತ್ತು ಬರುತ್ತದೆ. ಆಮೇಲೆ ಅದೇ ತೂತುಗಳಲ್ಲಿ ಬಿಳಿ ಹತ್ತಿ ದಾರ ಹಾಯಿಸಿ ಸಡಿಲವಾಗಿ ಗಂಟು ಹಾಕಿದರೆ ಸಾಕು.

ಜಂಪರಿಗೆ ದೊಡ್ಡ ವೈರಿ ಬೆಳಕು. ಮಾರ್ಕರ್ ಪೆನ್ನಿನ ಸಹಿ ಕಿಟಕಿಯ ಎದುರು ತೂಗುಹಾಕಿದರೆ ಕೆಲವೇ ವರ್ಷಗಳಲ್ಲಿ ಕಂದುತ್ತದೆ. ಸಹಿ ಇರುವುದನ್ನು ಒಗೆಯಬೇಡಿ, ಇಸ್ತ್ರಿ ಮಾಡಬೇಡಿ. ಆಡಿದವರು ಹಾಕಿಕೊಂಡಿದ್ದ ಜಂಪರಾದರೆ ಮಣ್ಣಿನ ಕಲೆಯೂ ಇರಲಿ, ಅದೂ ಪಂದ್ಯದ್ದೇ. ಗಂಜಿ ಹಾಕದ, ಒಗೆದು ಒಗೆದು ಮೆತ್ತಗಾದ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ, ಮಡಿಕೆ ಬೀಳುವ ಕಡೆ ಅದೇ ಬಟ್ಟೆಯ ಸುರುಳಿ ಇಡಿ. ವರ್ಷಕ್ಕೆರಡು ಸಲ ಮಡಿಕೆಯ ಜಾಗ ಬದಲಿಸಿ. ಚೌಕಟ್ಟು ಹಾಕಿಸುವುದೇ ಆದರೆ ಅಂಟು ಹಚ್ಚದೆ ಹಿಂದಿನ ಹಲಗೆಗೆ ಹೊದಿಸಿದ ಬಟ್ಟೆಗೆ ಹೊಲಿಸಿ. ಗಾಜು ಬಟ್ಟೆಗೆ ತಾಗದಂತೆ ನಡುವೆ ಬೆರಳು ದಪ್ಪದ ಸಂದು ಬಿಡಿಸಿ. ತಾಗಿದರೆ ಮಳೆಗಾಲದಲ್ಲಿ ಸಹಿ ಗಾಜಿಗೆ ಅಂಟಿಕೊಳ್ಳುತ್ತದೆ.

ಉಣ್ಣೆ ಸ್ಕಾರ್ಫಿಗೆ ನುಸಿಯ ಕಾಟ. ಸಣ್ಣ ತೂತು ಅಥವಾ ಮರಳಿನಂಥ ಹಿಕ್ಕೆ ಕಂಡರೆ ಗಾಳಿಯಾಡದ ಕವರಿನಲ್ಲಿ ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ಇಡೀ ದಿನ ಕವರು ಬಿಚ್ಚಬೇಡಿ. ತಣ್ಣಗಿರುವ ಉಣ್ಣೆ ಹೊರಗಿನ ತೇವವನ್ನು ಎಳೆದುಕೊಂಡುಬಿಡುತ್ತದೆ. ನುಸಿಗುಳಿಗೆಯನ್ನು ಉಣ್ಣೆಯ ಜೊತೆ ಇಡಬಹುದು, ಆದರೆ ಬಟ್ಟೆಯ ಚೀಲದಲ್ಲಿ, ತಾಗದಂತೆ. ಪುಸ್ತಿಕೆಯ ಪ್ಲಾಸ್ಟಿಕ್ ಕವರು, ಪ್ಲಾಸ್ಟಿಕ್ ಬ್ಯಾಡ್ಜುಗಳ ಹತ್ತಿರ ಮಾತ್ರ ಬೇಡ, ಅದರ ಆವಿ ಪ್ಲಾಸ್ಟಿಕ್ಕನ್ನು ಮೆದುವಾಗಿಸುತ್ತದೆ.

ಚೆಂಡಿಗೆ ಪೂರ್ತಿ ಗಾಳಿ ತುಂಬುವ ಆಸೆ ಬೇಡ. ಆಟದ ಚೆಂಡಿಗೆ 62ರಿಂದ 76 ಕಿಲೊಪಾಸ್ಕಲ್ ಒತ್ತಡ ಹಾಕುತ್ತಾರೆ. ಹಳೆಯ ಹೊಲಿಗೆ ಅದನ್ನು ತಾಳುವುದಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಒಳಹೋಗುವಷ್ಟು, ಆಕಾರ ನಿಲ್ಲುವಷ್ಟು ಗಾಳಿ ಸಾಕು. ಸೂಜಿಗೆ ಒಂದು ಹನಿ ಗ್ಲಿಸರಿನ್ ಸವರಿ ಹಾಕಿ, ಒಣ ಸೂಜಿ ಹಳೆಯ ರಬ್ಬರನ್ನು ಸೀಳುತ್ತದೆ. ಬ್ಲ್ಯಾಡರು ಗಾಳಿ ಹಿಡಿಯದಿದ್ದರೆ ಚೆಂಡನ್ನು ಬಿಚ್ಚಿಸಬೇಡಿ, ಹಾಗೇ ಇಡಿ. ಬಣ್ಣ ನೋಡಿ: ಕೆಂಪಾದರೆ ಹಗಲಿನ ಪಂದ್ಯದ್ದು, ಹಳದಿಯಾದರೆ ದೀಪದ ಬೆಳಕಿನಲ್ಲಿ ಆಡಲು ಮಾಡಿದ್ದು.

ಕೊನೆಯದಾಗಿ, ಪ್ರತಿ ವಸ್ತುವಿನ ಜೊತೆ ಒಂದು ಚೀಟಿ ಇಡಿ. ಪೆನ್ಸಿಲ್ಲಿನಲ್ಲಿ ಬರೆಯಿರಿ: ಯಾವ ಪಂದ್ಯ, ಯಾವ ತಾರೀಖು, ಸಹಿ ಯಾರದ್ದು, ಎಲ್ಲಿ ಹಾಕಿಸಿಕೊಂಡಿದ್ದು. ಚಿಕ್ಕಪ್ಪ ಎದುರಿಗಿರುವಾಗಲೇ ಈ ಕೆಲಸ ಮುಗಿಸಿ.

ಪ್ರಶ್ನೆ: ಪಕ್ಕದ ಮನೆಯ ಅಜ್ಜನಿಗೆ 84 ವರ್ಷ. ಹುಟ್ಟಿದಾಗಿನಿಂದ ಫಿಟ್ಜ್‌ರಾಯ್ ಅಭಿಮಾನಿ. ಅವರ ನೆನಪುಗಳನ್ನು ಬರೆದಿಡಬೇಕೆಂದಿದ್ದೇನೆ. ಕೇಳುವುದು ಹೇಗೆ, ಸರಿಯೋ ತಪ್ಪೋ ನೋಡುವುದು ಹೇಗೆ? — ಮೆಲ್ಬರ್ನ್‌ನ ಕನ್ನಡಿತಿ

ಉತ್ತರ: ಒಳ್ಳೆಯ ಕೆಲಸ, ತಡ ಮಾಡಬೇಡಿ. ಫಿಟ್ಜ್‌ರಾಯ್ ಅಭಿಮಾನಿಗಳ ಮಾತಿಗೆ ಬೇರೆಯದೇ ತೂಕವಿದೆ. 1897ರಲ್ಲಿ ವಿಕ್ಟೋರಿಯನ್ ಲೀಗ್ (ಈಗಿನ ಎಎಫ್‌ಎಲ್) ಶುರುವಾದಾಗ ಇದ್ದ ಎಂಟು ಕ್ಲಬ್ಬುಗಳಲ್ಲಿ ಅದೂ ಒಂದು. 1996ರ ಆಗಸ್ಟ್ 25ರಂದು ಮೆಲ್ಬರ್ನ್‌ನಲ್ಲಿ ಕೊನೆಯ ಪಂದ್ಯ ಆಡಿತು, ಎದುರಾಳಿ ರಿಚ್ಮಂಡ್. ಸೆಪ್ಟೆಂಬರ್ 1ರಂದು ಪರ್ತ್‌ನಲ್ಲಿ ಫ್ರೀಮ್ಯಾಂಟಲ್ ಎದುರು ಆಡಿದ್ದೇ ಕಡೆ. ಆಮೇಲೆ ಬ್ರಿಸ್ಬೇನ್ ತಂಡದೊಳಗೆ ಸೇರಿಹೋಯಿತು. ಅಜ್ಜ ಈಗ ಬ್ರಿಸ್ಬೇನ್ ಲಯನ್ಸ್‌ನವರಾಗಿದ್ದಾರೋ, ಇನ್ನೊಂದು ಕ್ಲಬ್ಬನ್ನು ಹಿಡಿದರೋ, ಆಟ ನೋಡುವುದನ್ನೇ ಬಿಟ್ಟರೋ ಎಂಬುದನ್ನು ಮೊದಲ ದಿನವೇ ಕೇಳಬೇಡಿ. ಎರಡನೆಯ, ಮೂರನೆಯ ಭೇಟಿಗೆ ಅವರೇ ಹೇಳುತ್ತಾರೆ.

‘ನಿಮಗೆ ಮರೆಯಲಾಗದ ಪಂದ್ಯ ಯಾವುದು’ ಎಂದು ಕೇಳಿದರೆ ಎಲ್ಲರೂ ಹೇಳುವ ಪಂದ್ಯವೇ ಬರುತ್ತದೆ. ಮೈಯಿಗೆ ಹತ್ತಿರದ ಪ್ರಶ್ನೆ ಕೇಳಿ. ಮನೆಯಿಂದ ಟ್ರಾಮಿನಲ್ಲಿ ಹೋಗುತ್ತಿದ್ದರೋ ನಡೆದೋ? ಯಾವ ಗೇಟು? ನಿಲ್ಲುತ್ತಿದ್ದ ಜಾಗ ಯಾವ ಗೋಲಿನ ಕಡೆ? ಪಕ್ಕದಲ್ಲಿ ಯಾರು? ಚೀಲದಲ್ಲಿ ತಿನ್ನಲು ಏನು? ಒಮ್ಮೆಗೆ 40 ನಿಮಿಷ ಸಾಕು. ಫೋನಿನಲ್ಲಿ ಧ್ವನಿ ಮುದ್ರಿಸಿ, ಕರೆ ಬಾರದಂತೆ ಫ್ಲೈಟ್ ಮೋಡಿಗೆ ಹಾಕಿ, ಮೇಜಿನ ಮೇಲೆ ಮಡಿಸಿದ ಟವೆಲ್ಲಿನ ಮೇಲಿಡಿ. ಬರಿಯ ಮೇಜಿನ ಮೇಲಿಟ್ಟರೆ ಚಹಾ ಕಪ್ಪು ಇಟ್ಟ ಸದ್ದೆಲ್ಲ ಗುಡುಗಿನಂತೆ ಕೇಳುತ್ತದೆ. ಮೊದಲ ಭೇಟಿಗೆ ಹಳೆಯ ಚಿತ್ರ, ಪತ್ರಿಕೆ ಒಯ್ಯಬೇಡಿ. ಚಿತ್ರ ಕಣ್ಣೆದುರು ಬಂದರೆ ಅವರು ಚಿತ್ರವನ್ನೇ ವರ್ಣಿಸಲು ಶುರು ಮಾಡುತ್ತಾರೆ, ತಮ್ಮ ನೆನಪು ಹಿಂದೆ ಸರಿಯುತ್ತದೆ. ಎರಡನೇ ಸಲ ಒಯ್ಯಿರಿ.

ತಾಳೆ ನೋಡಲು ಎರಡು ದಾರಿ. 1897ರಿಂದ ಇಲ್ಲಿಯವರೆಗಿನ ಎಲ್ಲ ಪಂದ್ಯಗಳ ತಾರೀಖು, ಮೈದಾನ, ಸ್ಕೋರು ‘ಎಎಫ್‌ಎಲ್ ಟೇಬಲ್ಸ್’ ಜಾಲತಾಣದಲ್ಲಿ ಸಿಗುತ್ತವೆ. ಹಳೆಯ ಪತ್ರಿಕೆಗಳಿಗೆ ಆಸ್ಟ್ರೇಲಿಯದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ಇದೆ, ಹಣ ಕೊಡಬೇಕಿಲ್ಲ. ಅದರಲ್ಲಿ ‘ಆರ್ಗಸ್’ ಪತ್ರಿಕೆ 1957ರಲ್ಲಿ ನಿಲ್ಲುವವರೆಗೂ, ‘ಏಜ್’ 1954ರವರೆಗೂ ಸಿಗುತ್ತವೆ. ಅಜ್ಜನ ಬಾಲ್ಯಕ್ಕೆ ಅಷ್ಟು ಸಾಕಾಗುತ್ತದೆ.

ನೆನಪು ಜಾರುವ ಜಾಗಗಳು ಹೆಚ್ಚುಕಡಿಮೆ ಎಲ್ಲರಲ್ಲೂ ಒಂದೇ. ‘1970ರ ಫೈನಲ್ ಮನೆಯಲ್ಲಿ ಟಿವಿಯಲ್ಲಿ ನೇರವಾಗಿ ನೋಡಿದೆ’ ಎಂದರೆ ಮೆಲ್ಬರ್ನ್‌ನಲ್ಲಿ ಅದು ಆಗುವ ಮಾತಲ್ಲ. ಅಲ್ಲಿ ಫೈನಲ್ ಮೊದಲು ನೇರ ಪ್ರಸಾರವಾಗಿದ್ದು 1977ರಲ್ಲಿ. ಅವರು ನೋಡಿದ್ದು ಆಮೇಲೆ ತೋರಿಸಿದ ಮುದ್ರಿತ ಆಟ. ಬಣ್ಣದಲ್ಲಿ ನೋಡಿದೆ ಎಂದರೆ 1975ರ ಮಾರ್ಚ್ ನಂತರದ್ದು. ‘1991ರ ಫೈನಲ್‌ಗೆ ಎಂಸಿಜಿಗೆ ಹೋಗಿದ್ದೆ’ ಎಂದರೆ ಮೈದಾನ ತಪ್ಪು. ಎಂಸಿಜಿಯ ದಕ್ಷಿಣ ಸ್ಟ್ಯಾಂಡ್ ಹೊಸದಾಗಿ ಕಟ್ಟುತ್ತಿದ್ದರು, ಆ ವರ್ಷ ಪಂದ್ಯ ನಡೆದದ್ದು ವೇವರ್ಲಿ ಪಾರ್ಕಿನಲ್ಲಿ. ಫಿಟ್ಜ್‌ರಾಯ್ ಕೊನೆಯ ಸಲ ಪ್ರಶಸ್ತಿ ಗೆದ್ದ 1944ರ ಫೈನಲ್ ಕೂಡ ಎಂಸಿಜಿಯಲ್ಲಿ ಆಗಲಿಲ್ಲ, ಯುದ್ಧಕಾಲದಲ್ಲಿ ಸೇನೆ ಅದನ್ನು ವಹಿಸಿಕೊಂಡಿತ್ತು. ಜಂಕ್ಷನ್ ಓವಲ್‌ನಲ್ಲಿ ಆಯಿತು. ಅಜ್ಜ ಆಗ ಮಗು. ಆ ಪಂದ್ಯದ ಬಗ್ಗೆ ಹೇಳಿದರೆ ಅದು ಅವರ ಅಪ್ಪನ ನೆನಪು ಅವರ ಬಾಯಲ್ಲಿ ಬರುತ್ತಿದೆ ಎಂದು ತಿಳಿಯಿರಿ, ಹಾಗೆಂದೇ ಬರೆದುಕೊಳ್ಳಿ.

ತಾರೀಖಿಲ್ಲದ ಫೋಟೊ ಇದ್ದರೆ ಮೈದಾನದ ಗೆರೆ ನೋಡಿ. ನಡುವೆ ದೊಡ್ಡ ಚೌಕ ಕಂಡರೆ 1975 ಅಥವಾ ಆಮೇಲೆ. ಅದೇ ಗೆರೆ ವಜ್ರಾಕಾರದಲ್ಲಿದ್ದರೆ 1973 ಅಥವಾ 1974, ಆ ಎರಡೇ ವರ್ಷ. ಗೆರೆಯೇ ಇಲ್ಲದಿದ್ದರೆ ಅದಕ್ಕೂ ಹಿಂದಿನದು.

ತಪ್ಪು ಸಿಕ್ಕಾಗ ಅವರ ಮಾತನ್ನು ತಿದ್ದಬೇಡಿ. ಹೇಳಿದ್ದನ್ನು ಹೇಳಿದ ಹಾಗೇ ಬರೆದು, ಕೆಳಗೆ ಸಣ್ಣಕ್ಷರದಲ್ಲಿ ದಾಖಲೆ ಏನು ಹೇಳುತ್ತದೆ ಎಂದು ಸೇರಿಸಿ.

ಪ್ರಶ್ನೆ: ಮನೆಯಲ್ಲಿ ಹತ್ತು ಹಳೆಯ ವಿಎಚ್‌ಎಸ್ ಕ್ಯಾಸೆಟ್ ಇವೆ, ಆಸ್ಟ್ರೇಲಿಯದಲ್ಲಿ ಟಿವಿಯಿಂದ ಮುದ್ರಿಸಿದ ಪಂದ್ಯಗಳು. ಬೆಂಗಳೂರಿನ ವಿಸಿಆರ್‌ನಲ್ಲಿ ಓಡುತ್ತವೆಯೇ? — ಬೆಂಗಳೂರಿನ ಓದುಗರು

ಉತ್ತರ: ಓಡುತ್ತವೆ. ಟಿವಿ ಚಿತ್ರಕ್ಕೆ ಎರಡೂ ದೇಶದ್ದು ಒಂದೇ ಪದ್ಧತಿ, ಪಾಲ್. ಆದರೆ ಹಾಕುವ ಮೊದಲು ಕ್ಯಾಸೆಟ್ಟಿನ ಕಿಂಡಿಯಿಂದ ಟೇಪಿನ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಬೂಷ್ಟು. ಅದನ್ನು ಓಡಿಸಿದರೆ ಟೇಪೂ ಹರಿಯುತ್ತದೆ, ವಿಸಿಆರ್‌ನ ಹೆಡ್ಡೂ ಕೆಡುತ್ತದೆ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಹರಡುತ್ತದೆ. ಅಂಥದ್ದನ್ನು ಬೇರೆ ಮಾಡಿ, ಕ್ಯಾಸೆಟ್ ಶುಚಿ ಮಾಡುವವರಿಗೇ ಕೊಡಿ.

ಒಳ್ಳೆಯವುಗಳ ಹಿಂದಿನ ಅಂಚಿನ ಪ್ಲಾಸ್ಟಿಕ್ ಚೂರನ್ನು ಮುರಿದುಬಿಡಿ, ಆಗ ಕೈತಪ್ಪಿ ಅದರ ಮೇಲೆ ಮುದ್ರಿಸುವ ಭಯವಿಲ್ಲ. ಒಮ್ಮೆ ಕೊನೆಯವರೆಗೂ ಓಡಿಸಿ ಹಿಂದಕ್ಕೆ ಸುತ್ತಿ, ವರ್ಷಗಟ್ಟಲೆ ಅಂಟಿಕೊಂಡಿದ್ದ ಸುರುಳಿ ಸಡಿಲವಾಗುತ್ತದೆ. ಆಮೇಲೆ ಯುಎಸ್‌ಬಿ ಕ್ಯಾಪ್ಚರ್ ಸಾಧನದಿಂದ 720 ಗುಣಿಸು 576ರ ಅಳತೆಯಲ್ಲಿ, ಸೆಕೆಂಡಿಗೆ 25 ಫ್ರೇಮ್‌ನಂತೆ ಇಳಿಸಿ. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು, ಅವಸರಕ್ಕೆ ದಾರಿಯಿಲ್ಲ. ಒಳ್ಳೆಯ ಗುಣಮಟ್ಟಕ್ಕೆ ಗಂಟೆಗೆ ಸುಮಾರು 3 ಜಿಬಿ ಹಿಡಿಯುತ್ತದೆ. ಜಾಹೀರಾತುಗಳನ್ನು ಕತ್ತರಿಸಬೇಡಿ, ತಾರೀಖು ಗೊತ್ತಿಲ್ಲದ ಪಂದ್ಯದ ವರ್ಷವನ್ನು ಎಷ್ಟೋ ಸಲ ಹೇಳುವುದು ಅವೇ. ಇಳಿಸಿದ್ದನ್ನು ಎರಡು ಬೇರೆ ಬೇರೆ ಡಿಸ್ಕಿನಲ್ಲಿ ಇಟ್ಟು, ಒಂದನ್ನು ಇನ್ನೊಂದು ಮನೆಯಲ್ಲಿಡಿ. ಕ್ಯಾಸೆಟ್ ಎಸೆಯಬೇಡಿ, ಪುಸ್ತಕದಂತೆ ನಿಲ್ಲಿಸಿಡಿ.

ಪ್ರಶ್ನೆ: ಜೀಲಾಂಗ್‌ನಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳು. ಸಹೋದ್ಯೋಗಿಗಳು ಊಟದ ಹೊತ್ತಿನಲ್ಲಿ ‘89’ ಎಂದು ನಿಟ್ಟುಸಿರು ಬಿಡುತ್ತಾರೆ. ಯಾವ ಹಳೆಯ ಪಂದ್ಯ ನೋಡಿದರೆ ಅವರ ಮಾತು ಅರ್ಥವಾದೀತು? — ಓದುಗರು

ಉತ್ತರ: ಅದೇ 1989ರ ಫೈನಲ್ ನೋಡಿ, ಪೂರ್ತಿ. ಹಾಥಾರ್ನ್ 21.18 (144), ಜೀಲಾಂಗ್ 21.12 (138). ಎರಡೂ ಕಡೆ ಗೋಲು ಸಮ, ಆರು ಬಿಹೈಂಡಿನ ವ್ಯತ್ಯಾಸ. ಮೊದಲ ಕ್ವಾರ್ಟರಿಗೇ ಜೀಲಾಂಗ್ 40 ಅಂಕ ಹಿಂದಿತ್ತು. ಆರಂಭದಲ್ಲೇ ಡಿಕ್ಕಿ ತಿಂದು ಪಕ್ಕೆಲುಬು ಮುರಿದುಕೊಂಡ ಹಾಥಾರ್ನ್‌ನ ಡರ್ಮಟ್ ಬ್ರೆರಟನ್ ಹೊರಗೆ ಹೋಗದೆ ಆಡಿ ಗೋಲು ಹೊಡೆದ. ಜೀಲಾಂಗ್‌ನ ಗ್ಯಾರಿ ಆಬ್ಲೆಟ್ ಒಂಬತ್ತು ಗೋಲು ಹೊಡೆದು, ಸೋತ ತಂಡದಲ್ಲಿದ್ದೂ ಪಂದ್ಯದ ಶ್ರೇಷ್ಠ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಪದಕ ಪಡೆದ. ನಿಮ್ಮ ಸಹೋದ್ಯೋಗಿಗಳ ನಿಟ್ಟುಸಿರಿನಲ್ಲಿ ಸೋಲಿನಷ್ಟೇ ಆ ಒಂಬತ್ತು ಗೋಲುಗಳ ಹೆಮ್ಮೆಯೂ ಇದೆ.

ನೋಡುವ ಮೊದಲು ಎರಡು ನಿಯಮ ತಿಳಿದಿದ್ದರೆ ಸಾಕು. ಕನಿಷ್ಠ 15 ಮೀಟರ್ ದೂರದಿಂದ ಒದ್ದ ಚೆಂಡನ್ನು ನಡುವೆ ಯಾರಿಗೂ ತಾಗದೆ ಹಿಡಿದರೆ ಅದು ‘ಮಾರ್ಕ್’. ಹಿಡಿದವನನ್ನು ಯಾರೂ ಮುಟ್ಟುವಂತಿಲ್ಲ, ನಿಂತು ನಿಧಾನವಾಗಿ ಒದೆಯಬಹುದು. ಕೊನೆಯ ಸೈರನ್‌ಗೆ ಮೊದಲು ಮಾರ್ಕ್ ಸಿಕ್ಕಿದ್ದರೆ ಸೈರನ್ ಆದ ಮೇಲೂ ಒದೆಯಬಹುದು. ಇನ್ನೊಂದು: ಚೆಂಡು ಬಿಡಲು ಅವಕಾಶವಿದ್ದೂ ಬಿಡದೆ ಎದುರಾಳಿಯ ತೆಕ್ಕೆಗೆ ಸಿಕ್ಕರೆ ಫ್ರೀ ಕಿಕ್. ಜನ ಒಟ್ಟಿಗೆ ‘ಬಾಲ್’ ಎಂದು ಕೂಗುವುದು ಅದಕ್ಕೇ.

ಆಮೇಲೆ 2005ರ ಫೈನಲ್‌ನ ಕೊನೆಯ ಕ್ವಾರ್ಟರ್ ನೋಡಿ. ಸಿಡ್ನಿ 8.10 (58), ವೆಸ್ಟ್ ಕೋಸ್ಟ್ 7.12 (54). ಕೊನೆಯ ಕ್ಷಣದಲ್ಲಿ ಗುಂಪಿನ ಮೇಲಿಂದ ಲಿಯೊ ಬ್ಯಾರಿ ಹಿಡಿದ ಮಾರ್ಕಿನಿಂದ 72 ವರ್ಷದ ಕಾಯುವಿಕೆ ಮುಗಿಯಿತು. ಆ 72 ವರ್ಷದಲ್ಲಿ ಹೆಚ್ಚಿನವು ಸಿಡ್ನಿಯದಲ್ಲ, 1982ರಲ್ಲಿ ಅಲ್ಲಿಗೆ ಗುಳೆ ಹೋದ ಸೌತ್ ಮೆಲ್ಬರ್ನ್ ಕ್ಲಬ್ಬಿನವು. ಅದು ಗೊತ್ತಿದ್ದರೆ ಮೆಲ್ಬರ್ನ್‌ನ ಹಿರಿಯರು ಆ ದಿನ ಯಾಕೆ ಅತ್ತರೆಂದು ತಿಳಿಯುತ್ತದೆ.

ಪ್ರಶ್ನೆ: ಆಟಗಾರನೊಬ್ಬ ಜಂಪರ್ ಎತ್ತಿ ತನ್ನ ಹೊಟ್ಟೆಯ ಚರ್ಮವನ್ನು ಬೆರಳಿನಿಂದ ತೋರಿಸುತ್ತಿರುವ ಚಿತ್ರದ ಹಿನ್ನೆಲೆ ಏನು? — ಧಾರವಾಡದ ವಿದ್ಯಾರ್ಥಿನಿ

ಉತ್ತರ: ಆತ ಸೇಂಟ್ ಕಿಲ್ಡಾದ ನಿಕಿ ವಿನ್ಮಾರ್, ಮೂಲನಿವಾಸಿ ನುಂಗಾರ್ ಜನಾಂಗದವನು. 1993ರ ಏಪ್ರಿಲ್ 17, ಕಾಲಿಂಗ್‌ವುಡ್‌ನ ವಿಕ್ಟೋರಿಯ ಪಾರ್ಕ್ ಮೈದಾನ. ಪಂದ್ಯದುದ್ದಕ್ಕೂ ಅವನನ್ನೂ ಜೊತೆಗಾರ ಗಿಲ್ಬರ್ಟ್ ಮ್ಯಾಕಾಡಮ್‌ನನ್ನೂ ಬಣ್ಣ ಹಿಡಿದು ಬೈದಿದ್ದರು. ತಂಡ ಗೆದ್ದ ಮೇಲೆ ಅದೇ ಜನರ ಕಡೆ ತಿರುಗಿ, ಜಂಪರ್ ಎತ್ತಿ ತನ್ನ ಕಪ್ಪು ಚರ್ಮವನ್ನು ಹೆಮ್ಮೆಯಿಂದ ತೋರಿಸಿದ. 1995ರಲ್ಲಿ ಲೀಗ್ ಜನಾಂಗನಿಂದನೆಯ ವಿರುದ್ಧ ನಿಯಮ ತಂದಿತು. ಆ ಭಂಗಿಯ ಪ್ರತಿಮೆ 2019ರಿಂದ ಪರ್ತ್‌ನ ಕ್ರೀಡಾಂಗಣದ ಹೊರಗಿದೆ. ಈ ಆಟದ ನೆನಪುಗಳನ್ನು ಕೂಡಿಸುವವರು ಈ ಚಿತ್ರವನ್ನು ಬಿಟ್ಟರೆ ಸಂಗ್ರಹ ಅರೆಬರೆಯೇ.

ಪ್ರಶ್ನೆ: ಏಳು ವರ್ಷದ ಮಗ ಮಕ್ಕಳಿಗೆ ಫುಟಿ ಕಲಿಸುವ ಆಸ್‌ಕಿಕ್‌ಗೆ ಸೇರಿದ್ದಾನೆ. ನನಗೆ ಗೊತ್ತಿರುವುದು ಕ್ರಿಕೆಟ್ ಮಾತ್ರ. ಮನೆಯಲ್ಲಿ ಒದೆಯುವುದನ್ನು ಹೇಗೆ ಹೇಳಿಕೊಡಲಿ? — ಮೆಲ್ಬರ್ನ್‌ನಲ್ಲಿರುವ ತಂದೆ

ಉತ್ತರ: ಮೊದಲು ಚೆಂಡು. ದೊಡ್ಡ ಗಂಡಸರು ಆಡುವುದು ಸೈಜ್ 5. ಮಗನಿಗೆ ಸೈಜ್ 1 ಅಥವಾ 2ರ ಸಿಂಥೆಟಿಕ್ ಚೆಂಡು ತನ್ನಿ, ಗಾಳಿ ಸ್ವಲ್ಪ ಕಡಿಮೆ ಇರಲಿ. ‘ಬೆಳೆಯುತ್ತಾನಲ್ಲ’ ಎಂದು ದೊಡ್ಡದು ತಂದರೆ ಕೈಗೆ ಸಿಗದೆ ಚೆಂಡನ್ನು ಎಸೆದು ಒದೆಯುವ ಅಭ್ಯಾಸ ಬೀಳುತ್ತದೆ, ಬಿಡಿಸುವುದು ಕಷ್ಟ.

ಕಲಿಸಬೇಕಾದದ್ದು ‘ಡ್ರಾಪ್ ಪಂಟ್’. ಚೆಂಡನ್ನು ನಿಲ್ಲಿಸಿದ ತೆಂಗಿನಕಾಯಿಯಂತೆ ನೆಟ್ಟಗೆ, ಎರಡೂ ಪಕ್ಕದಲ್ಲಿ ಬೆರಳು ಅಗಲಿಸಿ ಹಿಡಿಯಬೇಕು. ಒದೆಯುವ ಕಾಲಿನ ತೊಡೆಯ ಮೇಲೆ, ಸೊಂಟದ ಎತ್ತರಕ್ಕೆ. ಬಲಗಾಲಿನವನಾದರೆ ಎಡಗೈ ಮೊದಲು ಬಿಡುತ್ತದೆ, ಬಲಗೈ ಚೆಂಡನ್ನು ಪಾದದ ಕಡೆಗೆ ಇಳಿಸಿಕೊಡುತ್ತದೆ. ಕಾಲಿನ ಹೆಬ್ಬೆರಳನ್ನು ಮುಂದಕ್ಕೆ ಚಾಚಿ ಪಾದ ಬಿಗಿಮಾಡಿ, ಚೆಂಡಿನ ಕೆಳತುದಿಗೆ ಒದೆಯಬೇಕು. ಸರಿಯಾಗಿ ಬಿದ್ದರೆ ಚೆಂಡು ತಲೆಕೆಳಗಾಗಿ ಹಿಂದಕ್ಕೆ ಉರುಳುತ್ತ ಹೋಗುತ್ತದೆ. ಒದ್ದ ಕಾಲು ಗುರಿಯ ಕಡೆಗೇ ಮುಂದುವರಿಯಲಿ.

ತಪ್ಪನ್ನು ಚೆಂಡು ಹಾರುವ ರೀತಿಯಲ್ಲೇ ಗುರುತಿಸಬಹುದು. ಹೆಲಿಕಾಪ್ಟರಿನ ರೆಕ್ಕೆಯಂತೆ ಅಡ್ಡ ತಿರುಗಿದರೆ, ಬೀಳುವಾಗ ಚೆಂಡು ವಾಲಿದೆ, ಸಾಮಾನ್ಯವಾಗಿ ಎರಡೂ ಕೈ ಒಟ್ಟಿಗೆ ಬಿಟ್ಟಿದ್ದರಿಂದ. ನೇರ ಮೇಲಕ್ಕೆ ಹೋದರೆ, ಪಾದ ಸಡಿಲವಾಗಿದೆ ಅಥವಾ ಹುಡುಗ ಹಿಂದಕ್ಕೆ ಬಾಗಿದ್ದಾನೆ. ಪಕ್ಕಕ್ಕೆ ಸರಿದರೆ ಕಾಲು ಮೈಗೆ ಅಡ್ಡವಾಗಿ ಬೀಸಿದೆ, ಕ್ರಿಕೆಟಿನಲ್ಲಿ ಲೆಗ್ ಕಡೆ ಬ್ಯಾಟ್ ಬೀಸಿದ ಹಾಗೆ. ದಿನಕ್ಕೆ ಐದು ಮೀಟರಿನಿಂದ 20 ಒದೆತ ಸಾಕು. ದೂರ ಒದೆಯಲು ಬಿಟ್ಟರೆ ಜೋರು ಬರುತ್ತದೆ, ಹದ ಹೋಗುತ್ತದೆ.

ಕೈಯಿಂದ ಕೊಡುವಾಗ ಎಸೆಯುವಂತಿಲ್ಲ. ಒಂದು ಅಂಗೈಯ ಮೇಲೆ ಚೆಂಡಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬೇಕು. ಹೆಬ್ಬೆರಳು ಮುಷ್ಟಿಯ ಹೊರಗಿರಲಿ, ಒಳಗಿದ್ದರೆ ಉಳುಕುತ್ತದೆ.

ಪ್ರಶ್ನೆ: ಹುಬ್ಬಳ್ಳಿಯಿಂದ ಅತ್ತೆ-ಮಾವ ಜುಲೈನಲ್ಲಿ ಬರುತ್ತಾರೆ. ಎಂಸಿಜಿಗೆ ಕರೆದೊಯ್ಯಬಹುದೇ? — ಮೆಲ್ಬರ್ನ್‌ನ ಸೊಸೆ

ಉತ್ತರ: ಧಾರಾಳವಾಗಿ. ಹಗಲಿನ ಪಂದ್ಯ ಆರಿಸಿ, ಜುಲೈನಲ್ಲಿ ಹಗಲಲ್ಲೇ 14 ಡಿಗ್ರಿ ಆಸುಪಾಸು ಇರುತ್ತದೆ. ಕಾಲಿಗೆ ಎರಡು ಜೊತೆ ಸಾಕ್ಸ್, ಕೂರಲು ಮಡಿಸಿದ ಕಂಬಳಿ. ಛತ್ರಿ ಬೇಡ, ಹಿಂದಿನವರಿಗೆ ಅಡ್ಡ. ರೇನ್‌ಕೋಟ್ ಒಯ್ಯಿರಿ. ಮುಂದಿನ ಸಾಲುಗಳಿಗೆ ಮಾಡಿನ ಆಸರೆ ಇಲ್ಲ, ಹಿಂದಿನ ಸಾಲು ಲೇಸು. ಮೊಣಕಾಲು ನೋವಿದ್ದರೆ ಕೆಳಹಂತದಲ್ಲಿ, ಸಾಲಿನ ತುದಿಯ ಸೀಟು ಕೇಳಿ. ಜೋಲಿಮಾಂಟ್ ಮತ್ತು ರಿಚ್ಮಂಡ್ ಎರಡೂ ರೈಲು ನಿಲ್ದಾಣಗಳಿಂದ ನಡೆದು ಹೋಗಬಹುದು.

ಚಪಾತಿ, ಚಿತ್ರಾನ್ನ ಒಯ್ಯಬಹುದು. ಗಾಜಿನ ಬಾಟಲಿ, ಕ್ಯಾನ್ ಬಿಡುವುದಿಲ್ಲ. ಒಂದು ಕ್ವಾರ್ಟರ್ 20 ನಿಮಿಷ ಎನ್ನುತ್ತಾರೆ, ಗಡಿಯಾರ ನಿಲ್ಲಿಸಿದ ಹೊತ್ತೂ ಸೇರಿ ಅರ್ಧ ಗಂಟೆ ಆಗುತ್ತದೆ. ನಡುವಿನ ದೊಡ್ಡ ವಿರಾಮ 20 ನಿಮಿಷ, ಊಟಕ್ಕೆ ಅದೇ ಹೊತ್ತು. ಶೌಚಾಲಯಕ್ಕೆ ಮಾತ್ರ ಅದಕ್ಕೆ ಐದು ನಿಮಿಷ ಮೊದಲೇ ಎಬ್ಬಿಸಿ. ಎದುರಾಳಿ ತಂಡದವರು ಪಕ್ಕದಲ್ಲೇ ಕೂತಿರುತ್ತಾರೆ, ಇಲ್ಲಿ ಬೇಲಿ ಹಾಕಿ ಬೇರ್ಪಡಿಸುವುದಿಲ್ಲ, ಹೆದರಬೇಕಿಲ್ಲ. ಟಿಕೆಟ್ ಮತ್ತು ‘ರೆಕಾರ್ಡ್’ ಪುಸ್ತಿಕೆ ಎರಡನ್ನೂ ಇಟ್ಟುಕೊಳ್ಳಿ. ಮಾವನವರ ಕೈಗೆ ಒಂದು ಪೆನ್ಸಿಲ್ ಕೊಡಿ.

ಪ್ರಶ್ನೆ: ಫೈನಲ್ ಬೆಂಗಳೂರಿನ ಸಮಯಕ್ಕೆ ಎಷ್ಟು ಗಂಟೆಗೆ? — ಓದುಗರು

ಉತ್ತರ: ಸಾಮಾನ್ಯವಾಗಿ ಸೆಪ್ಟೆಂಬರಿನ ಕೊನೆಯ ಶನಿವಾರ, ಮೆಲ್ಬರ್ನ್‌ನಲ್ಲಿ ಮಧ್ಯಾಹ್ನ 2.30ಕ್ಕೆ. ನಮಗೆ ಬೆಳಿಗ್ಗೆ 10. ಅವರ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಅಕ್ಟೋಬರಿನ ಮೊದಲ ಭಾನುವಾರದಿಂದ ಅಂತರ ಐದೂವರೆ ಗಂಟೆ ಆಗುತ್ತದೆ. ಆಸ್ಟ್ರೇಲಿಯದ ಹೊರಗಿರುವವರಿಗೆ ಲೀಗಿನ ‘ವಾಚ್ ಎಎಫ್‌ಎಲ್’ ಸೇವೆಯಿದೆ, ಹಣ ಕೊಟ್ಟು ನೋಡಬೇಕು.